ಹಳೆಯ ಮೋಟಾರ್‌ಸೈಕಲ್‌ಗಳ ಸವೆತ ತಡೆಗೆ ಎಂಜಿನ್ ಆಯಿಲ್ ಆಯ್ಕೆ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಜಾವಾ ಮತ್ತು ಯೆಜ್ದಿ ಮೋಟಾರ್‌ಸೈಕಲ್‌ಗಳು ಇಂದಿಗೂ ರಾಜ್ಯದ ರಸ್ತೆಗಳಲ್ಲಿ ಸಂಚರಿಸುತ್ತಿವೆ. ಮದರಾಸಿನ ಎನ್‌ಫೀಲ್ಡ್ ಕಾರ್ಖಾನೆಯ ಹಳೆಯ ಬೀಡುಕಬ್ಬಿಣದ ಎಂಜಿನ್‌ನ ಬುಲೆಟ್, 1980ರ ದಶಕದ ರಾಜ್‌ದೂತ್ 350, 1985ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 100 ಮುಂತಾದವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಕಾಲದಲ್ಲಿ ಗುಜರಿಯ ತೂಕಕ್ಕೆ ಹೋಗುತ್ತಿದ್ದ ಈ ವಾಹನಗಳಿಗೆ ಇಂದು ಬೇಡಿಕೆಯಿದೆ. ಇವುಗಳ ದುರಸ್ತಿ, ಬಿಡಿಭಾಗ ಹಾಗೂ ಆಯಿಲ್ ಮಾರಾಟವನ್ನೇ ನಂಬಿದ ಗ್ಯಾರೇಜು ಮಾಲೀಕರು ಮತ್ತು ವರ್ತಕರು ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲೂ ಇದ್ದಾರೆ.

ಲೆಕ್ಕಪುಸ್ತಕದಲ್ಲಿ ಸವಕಳಿ ಎಂಬುದು ವರ್ಷಾಂತ್ಯದಲ್ಲಿ ಬರೆಯುವ ಒಂದು ನಮೂದು. ಯಂತ್ರವನ್ನು ಬದಲಾಯಿಸುವ ಕಾಲಕ್ಕೆ ಹಣ ಒದಗಲಿ ಎಂಬುದು ಅದರ ಉದ್ದೇಶ. ತಯಾರಿಕೆಯೇ ನಿಂತುಹೋದ ಎಂಜಿನ್‌ನ ವಿಷಯದಲ್ಲಿ ಹಣವಿದ್ದ ಮಾತ್ರಕ್ಕೆ ಬದಲಿ ಎಂಜಿನ್ ದೊರೆಯುವುದಿಲ್ಲ. ಸಿಲಿಂಡರಿನ ಬೋರನ್ನು ಕೆಲವೇ ಬಾರಿ ಹಿಗ್ಗಿಸಬಹುದು. ಆನಂತರ ಸ್ಲೀವ್ ಹಾಕಿಸಬೇಕು ಅಥವಾ ಬೇರೆ ಬ್ಲಾಕ್ ಹುಡುಕಬೇಕು. ಇದರ ಜೊತೆಗೆ, 50 ವರ್ಷ ಮೀರಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗದೆ ವಾಹನವು ಮೂಲ ರೂಪದಲ್ಲಿರಬೇಕೆಂದು ವಿಧಿಸುತ್ತದೆ. ಹೀಗಾಗಿ ಮೂಲ ಎಂಜಿನ್ನೇ ಇಲ್ಲಿ ಆಸ್ತಿ. ಆ ಆಸ್ತಿಯ ಸವೆತವನ್ನು ತಡೆಯುವ ಸಾಧನಗಳಲ್ಲಿ ಅತ್ಯಂತ ಅಗ್ಗವಾದುದು ಸರಿಯಾದ ಆಯಿಲ್.

ಸವೆತದ ನಾಲ್ಕು ಬಗೆಗಳು

ಆಯಿಲ್ ಆರಿಸುವ ಮೊದಲು ಸವೆತವು ಎಲ್ಲಿ, ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ.

1. ಲೋಹ ಲೋಹಕ್ಕೆ ತಾಗುವ ಸವೆತ: ತಿರುಗುವ ಬೇರಿಂಗಿನಲ್ಲಿ ಆಯಿಲ್ ತೆಳುಪೊರೆಯಾಗಿ ನಿಂತು ಎರಡು ಲೋಹಗಳನ್ನು ಬೇರ್ಪಡಿಸುತ್ತದೆ. ಕ್ಯಾಮ್ ಮತ್ತು ಟ್ಯಾಪೆಟ್‌ಗಳ ನಡುವೆ ಒತ್ತಡ ಬಹಳವಿರುವುದರಿಂದ ಪೊರೆ ಹರಿಯುತ್ತದೆ. ಅಲ್ಲಿ ರಕ್ಷಣೆ ನೀಡುವುದು ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕ.

2. ಚಾಲನೆಯ ಆರಂಭದ ಸವೆತ: ವಾರಗಟ್ಟಲೆ ನಿಂತ ವಾಹನದ ಭಾಗಗಳಿಂದ ಆಯಿಲ್ ಇಳಿದುಹೋಗಿರುತ್ತದೆ. ಕಿಕ್ಕರ್ ತುಳಿದ ಮೊದಲ ಕ್ಷಣಗಳಲ್ಲಿ ಭಾಗಗಳು ಬಹುತೇಕ ಒಣಗಿದ ಸ್ಥಿತಿಯಲ್ಲಿ ಚಲಿಸುತ್ತವೆ.

3. ತುಕ್ಕು ಮತ್ತು ಆಮ್ಲದಿಂದಾಗುವ ಸವೆತ: ಇಂಧನ ಉರಿದಾಗ ನೀರಿನ ಆವಿ ಹಾಗೂ ಆಮ್ಲಗಳು ಉಂಟಾಗುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾಗದಷ್ಟು ಕಿರು ಓಡಾಟದಲ್ಲಿ ಅವು ಆಯಿಲ್‌ನಲ್ಲಿಯೇ ಉಳಿಯುತ್ತವೆ. ಭಾನುವಾರ ಮಾತ್ರ ಹೊರಬರುವ ವಾಹನಗಳಿಗೆ ಇದೇ ದೊಡ್ಡ ಶತ್ರು. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದಾದುದರಿಂದ, ತಿಂಗಳುಗಟ್ಟಲೆ ನಿಲ್ಲಿಸುವ ವಾಹನದ ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನಲ್ಲಿ ಅದನ್ನು ಬಿಡುವುದು ಉಚಿತವಲ್ಲ.

4. ಧೂಳಿನಿಂದಾಗುವ ಸವೆತ: ಏರ್ ಫಿಲ್ಟರ್ ಹರಿದಿದ್ದಲ್ಲಿ ಒಳಸೇರುವ ಮಣ್ಣು ಪಿಸ್ಟನ್ ರಿಂಗು ಮತ್ತು ಬೋರನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ. ಎಷ್ಟೇ ಬೆಲೆಬಾಳುವ ಆಯಿಲ್ ಇದಕ್ಕೆ ಪರಿಹಾರವಾಗಲಾರದು.

ಡಬ್ಬಿಯ ಮೇಲಿನ ಸಂಖ್ಯೆಗಳ ಅರ್ಥ

ಆಯಿಲ್ ಡಬ್ಬಿಯ ಮೇಲೆ 20ಡಬ್ಲ್ಯು-50, 10ಡಬ್ಲ್ಯು-30 ಮುಂತಾದ ಸಂಖ್ಯೆಗಳಿರುತ್ತವೆ. ಇವು ಎಸ್‌ಎಇ ಸಂಸ್ಥೆ ನಿಗದಿಪಡಿಸಿದ ಸ್ನಿಗ್ಧತೆಯ, ಅಂದರೆ ಆಯಿಲ್ ಹರಿಯಲು ಒಡ್ಡುವ ಪ್ರತಿರೋಧದ, ದರ್ಜೆಗಳು. ಎರಡನೆಯ ಸಂಖ್ಯೆಯು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯನ್ನು ಸೂಚಿಸುತ್ತದೆ. 30ರ ದರ್ಜೆಗೆ 9.3ರಿಂದ 12.5, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9 ಸೆಂಟಿಸ್ಟೋಕ್ಸ್ ಮಿತಿಯಿದೆ.

'ಡಬ್ಲ್ಯು' ಅಕ್ಷರದೊಡನೆ ಬರುವ ಮೊದಲ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. 20ಡಬ್ಲ್ಯು ದರ್ಜೆಯ ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸಲಾಗುತ್ತದೆ. ಮಡಿಕೇರಿ ಅಥವಾ ಬೀದರಿನ ಡಿಸೆಂಬರ್ ಮುಂಜಾವಿನಲ್ಲೂ ಅಂತಹ ಚಳಿ ಬೀಳುವುದಿಲ್ಲ. ಆದುದರಿಂದ 0ಡಬ್ಲ್ಯು, 5ಡಬ್ಲ್ಯು ಆಯಿಲ್‌ಗಳಿಗೆ ಹೆಚ್ಚಿನ ಬೆಲೆ ತೆರುವುದರಿಂದ ನಮ್ಮ ಹವೆಯ ಹಳೆಯ ಬುಲೆಟ್ಟಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಗಾಳಿಯಿಂದಲೇ ತಣಿಯಬೇಕಾದ, ಭಾಗಗಳ ನಡುವೆ ಅಂತರ ಹೆಚ್ಚಿರುವ ಹಳೆಯ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಗೆ ಬಿಸಿಯಲ್ಲಿ ತೆಳುವಾಗದಿರುವ ಗುಣವೇ ಮುಖ್ಯ; ಅಂದರೆ ಎರಡನೆಯ ಸಂಖ್ಯೆ 40 ಅಥವಾ 50 ಇರಬೇಕು.

ಹಾಗೆಂದು ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಅತಿ ದಪ್ಪ ಆಯಿಲ್ ತಣ್ಣಗಿರುವಾಗ ದೂರದ ಭಾಗಗಳನ್ನು ತಲುಪಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಸವೆದ ಎಂಜಿನ್‌ನ ಹೊಗೆಯನ್ನು ಮರೆಮಾಚಲು ದಪ್ಪ ಆಯಿಲ್ ಹಾಕಿ ವಾಹನವನ್ನು ಮಾರುವ ಪದ್ಧತಿ ಬಳಕೆಯಲ್ಲಿದೆ. ಹಳೆಯ ವಾಹನ ಕೊಳ್ಳುವವರು ಇದನ್ನು ಗಮನದಲ್ಲಿಡತಕ್ಕದ್ದು.

ಹೊಸ ದರ್ಜೆ ಹಳೆಯ ಎಂಜಿನ್‌ಗೆ ಸದಾ ಮೇಲೇ?

ಡಬ್ಬಿಯ ಮೇಲೆ ಕಾಣುವ ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಎಂಬ ಅಕ್ಷರಗಳು ಅಮೆರಿಕದ ಎಪಿಐ ಸಂಸ್ಥೆಯ ಗುಣದರ್ಜೆಗಳು. ಅಕ್ಷರ ಮುಂದುವರಿದಂತೆ ಗುಣಮಟ್ಟವೂ ಏರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಕಾರುಗಳ ಮಟ್ಟಿಗೆ ಇದು ಬಹುಪಾಲು ನಿಜ. ಹಳೆಯ ಮೋಟಾರ್‌ಸೈಕಲ್‌ಗಳ ಮಟ್ಟಿಗೆ ಒಂದು ಎಚ್ಚರಿಕೆ ಅಗತ್ಯ.

ಕ್ಯಾಮ್ ಮತ್ತು ಟ್ಯಾಪೆಟ್‌ಗಳ ಸವೆತ ತಡೆಯಲು ದಶಕಗಳಿಂದ ಬಳಸುತ್ತಿರುವ ರಾಸಾಯನಿಕ ಜಡ್‌ಡಿಡಿಪಿ. ಇದು ಸತು ಮತ್ತು ರಂಜಕಗಳ ಸಂಯುಕ್ತ. ಒತ್ತಡ ಮತ್ತು ಬಿಸಿಯಲ್ಲಿ ಇದು ಲೋಹದ ಮೇಲೆ ತ್ಯಾಗದ ಪದರವೊಂದನ್ನು ರಚಿಸಿ, ಲೋಹದ ಬದಲು ತಾನೇ ಸವೆಯುತ್ತದೆ. ಆದರೆ ಇದರಲ್ಲಿರುವ ರಂಜಕವು ಕಾರುಗಳ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಆದಕಾರಣ ತೆಳು ದರ್ಜೆಯ ಕಾರು ಆಯಿಲ್‌ಗಳಲ್ಲಿ ರಂಜಕದ ಮಿತಿಯನ್ನು 2001ರ ಎಸ್‌ಎಲ್‌ನಲ್ಲಿ ಶೇ. 0.10ಕ್ಕೂ, 2004ರ ಎಸ್‌ಎಂನಲ್ಲಿ ಶೇ. 0.08ಕ್ಕೂ ಇಳಿಸಲಾಯಿತು. ಹಳೆಯ ಮೋಟಾರ್‌ಸೈಕಲ್‌ನಲ್ಲಿ ಕನ್ವರ್ಟರ್ ಇಲ್ಲ. ಕ್ಯಾಮ್ ಮಾತ್ರ ಇದೆ. ಈ ಮಿತಿಯು 10ಡಬ್ಲ್ಯು-30 ಮತ್ತು ಅದಕ್ಕಿಂತ ತೆಳುವಾದ ದರ್ಜೆಗಳಿಗೆ ಅನ್ವಯಿಸುವುದೇ ಹೊರತು 20ಡಬ್ಲ್ಯು-50ಕ್ಕಲ್ಲ ಎಂಬುದು ಗಮನಾರ್ಹ.

ಇದಕ್ಕಿಂತ ಸುಲಭವಾದ ಗುರುತು ಜಪಾನಿನ ಜಾಸೋ ದರ್ಜೆ. ಕಾರು ಆಯಿಲ್‌ಗಳಲ್ಲಿ ಮೈಲೇಜ್ ಹೆಚ್ಚಿಸಲು ಬೆರೆಸುವ ಘರ್ಷಣೆ ತಗ್ಗಿಸುವ ವಸ್ತುಗಳು, ಆಯಿಲ್‌ನಲ್ಲಿ ಮುಳುಗಿರುವ ಮೋಟಾರ್‌ಸೈಕಲ್ ಕ್ಲಚ್ ಜಾರುವಂತೆ ಮಾಡಬಲ್ಲವು. ಕ್ಲಚ್ ಜಾರದ ಆಯಿಲ್‌ಗೆ ಜಾಸೋ 'ಎಂಎ' ಗುರುತು, ಕ್ಲಚ್ ಬೇರೆಯಿರುವ ಸ್ಕೂಟರ್‌ಗಳಿಗೆ 'ಎಂಬಿ' ಗುರುತು ನೀಡಲಾಗುತ್ತದೆ. ಎಂಎ ಗುರುತಿನ ಆಯಿಲ್‌ನಲ್ಲಿ ರಂಜಕವು ಶೇ. 0.08ರಿಂದ 0.12ರ ನಡುವೆ ಇರಬೇಕೆಂಬ ನಿಯಮವಿರುವುದರಿಂದ, ಈ ಒಂದೇ ಗುರುತು ಕ್ಲಚ್ ಮತ್ತು ಕ್ಯಾಮ್ ಎರಡಕ್ಕೂ ಭರವಸೆ ನೀಡುತ್ತದೆ.

ಹಳೆಯ ಬುಲೆಟ್‌ನ ವಿಶೇಷ

ಬೀಡುಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್‌ನಲ್ಲಿ ಎಂಜಿನ್, ಪ್ರೈಮರಿ ಚೈನ್ ಹಾಗೂ ಗೇರ್‌ಬಾಕ್ಸ್‌ಗಳಿಗೆ ಮೂರು ಬೇರೆ ಬೇರೆ ಕೋಣೆಗಳಿವೆ. ಕ್ಲಚ್ ಇರುವುದು ಪ್ರೈಮರಿ ಚೈನ್‌ನ ಕೋಣೆಯಲ್ಲಿ. ಆದುದರಿಂದ ಕ್ಲಚ್ ಜಾರುವ ಪ್ರಶ್ನೆ ಆ ಕೋಣೆಯ ಆಯಿಲ್‌ಗೆ ಸಂಬಂಧಿಸಿದ್ದು. 2008ರ ನಂತರ ಬಂದ ಹೊಸ ಎಂಜಿನ್‌ಗಳಲ್ಲಿ ಮೂರಕ್ಕೂ ಒಂದೇ ಆಯಿಲ್ ಹರಿಯುತ್ತದೆ. ಅವುಗಳಿಗೆ ಸೂಚಿಸಿದ 15ಡಬ್ಲ್ಯು-50 ಆಯಿಲನ್ನು ನೋಡಿ ಹಳೆಯ ವಾಹನದ ಮೂರು ಕೋಣೆಗೂ ಅದನ್ನೇ ತುಂಬುವುದು ಸರಿಯಲ್ಲ. ಪ್ರತಿಯೊಂದು ಕೋಣೆಗೂ ಆ ಮಾದರಿಯ ಕೈಪಿಡಿ ಹೇಳಿದ ವಸ್ತುವನ್ನೇ ಹಾಕತಕ್ಕದ್ದು.

ಹಳೆಯ ಬುಲೆಟ್‌ನ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯಲ್ಲಿ ರೋಲರ್ ಬೇರಿಂಗಿನ ಬದಲು ತೇಲುವ ಬುಷ್ ಇರುತ್ತದೆ. ಈ ಬುಷ್ ಬದುಕುವುದು ಆಯಿಲ್‌ನ ಪೊರೆಯ ಮೇಲೆ. ಆಯಿಲ್ ಮಟ್ಟ ಇಳಿದರೆ ಅಥವಾ ಆಯಿಲ್ ತೆಳುವಾದರೆ ಮೊದಲು ಹಾಳಾಗುವುದು ಇದೇ. ಶೋಧಕವಾಗಿ ಇರುವುದು ಫೆಲ್ಟ್ ಬಟ್ಟೆಯ ಫಿಲ್ಟರ್. ಬಹುಕಾಲ ಕೊಳೆತು ನಿಂತ ಎಂಜಿನ್‌ಗೆ ಏಕಾಏಕಿ ಶುದ್ಧೀಕಾರಕ ಗುಣ ಹೆಚ್ಚಿರುವ ಆಯಿಲ್ ತುಂಬಿದರೆ ತಳದಲ್ಲಿ ಕೂತ ಕೆಸರು ಸಡಿಲಗೊಂಡು ಆಯಿಲ್ ಹರಿಯುವ ದಾರಿಗಳನ್ನು ಕಟ್ಟುವ ಸಂಭವವಿದೆ. ಅಂತಹ ಎಂಜಿನ್‌ನ ಸಂಪನ್ನು ತೆರೆದು ಸ್ವಚ್ಛಗೊಳಿಸಿದ ನಂತರವೇ ಆಯಿಲ್ ಬದಲಿಸುವುದು ಸೂಕ್ತ.

ಬಹಳ ದಿನ ನಿಂತ ಬುಲೆಟ್‌ನಲ್ಲಿ ಟ್ಯಾಂಕಿನ ಆಯಿಲ್ ಮೆಲ್ಲಗೆ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಆಗ ಗೇಜಿನ ಕಡ್ಡಿ ಮಟ್ಟ ಕಡಿಮೆಯೆಂದು ತೋರಿಸುತ್ತದೆ. ಅದನ್ನು ನಂಬಿ ಇನ್ನಷ್ಟು ಸುರಿದರೆ ಆಯಿಲ್ ಹೆಚ್ಚಾಗಿ, ಉಸಿರು ಕೊಳವೆಯಿಂದ ಉಕ್ಕುತ್ತದೆ. ಎಂಜಿನ್ ಕೆಲ ನಿಮಿಷ ಓಡಿದ ಬಳಿಕ ಮಟ್ಟ ನೋಡುವುದೇ ಸರಿಯಾದ ಕ್ರಮ.

ಜಾವಾ, ಯೆಜ್ದಿ: ಎರಡು ಸ್ಟ್ರೋಕಿನ ಲೆಕ್ಕ

ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಪೆಟ್ರೋಲಿನೊಡನೆ ಒಳಹೋಗಿ, ಕೆಲಸ ಮುಗಿಸಿ ಉರಿದುಹೋಗುತ್ತದೆ. ಆದುದರಿಂದ ಬೂದಿ, ಹೊಗೆ, ಕಾರ್ಬನ್ ಕಡಿಮೆ ಬಿಡುವ ಆಯಿಲ್ ಬೇಕು. ಇಲ್ಲಿ ಜಾಸೋ ಗುರುತುಗಳು ಬೇರೆ: ಎಫ್‌ಬಿ ಸಾಧಾರಣ, ಎಫ್‌ಸಿ ಕಡಿಮೆ ಹೊಗೆಯದ್ದು, ಎಫ್‌ಡಿ ಅದರ ಜೊತೆಗೆ ಹೆಚ್ಚು ಶುದ್ಧೀಕರಣ ಗುಣವುಳ್ಳದ್ದು. ದೋಣಿಯ ಎಂಜಿನ್‌ಗಳಿಗೆಂದು ತಯಾರಾದ ಟಿಸಿ-ಡಬ್ಲ್ಯು3 ಆಯಿಲ್, ನೀರಿನಿಂದ ತಣಿಯುವ ಎಂಜಿನ್‌ಗೆ ಉದ್ದೇಶಿಸಿದ್ದು. ಕರಾವಳಿಯಲ್ಲಿ ಸುಲಭವಾಗಿ ದೊರೆಯುತ್ತದೆಂಬ ಕಾರಣಕ್ಕೆ ಅದನ್ನು ಮೋಟಾರ್‌ಸೈಕಲ್‌ಗೆ ಬಳಸಬಾರದು.

ಬೆರಕೆಯ ಪ್ರಮಾಣ ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಬೇಕಾಗುವ ಆಯಿಲ್ ಹೀಗಿದೆ:

20:1 ಪ್ರಮಾಣಕ್ಕೆ 50 ಮಿ.ಲೀ.
25:1 ಪ್ರಮಾಣಕ್ಕೆ 40 ಮಿ.ಲೀ.
32:1 ಪ್ರಮಾಣಕ್ಕೆ ಸುಮಾರು 31 ಮಿ.ಲೀ.
40:1 ಪ್ರಮಾಣಕ್ಕೆ 25 ಮಿ.ಲೀ.
50:1 ಪ್ರಮಾಣಕ್ಕೆ 20 ಮಿ.ಲೀ.

ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಹಾಕಿದರೆ ಪಿಸ್ಟನ್ ಸೀಜ್ ಆಗುತ್ತದೆ. ಹೆಚ್ಚು ಹಾಕಿದರೆ ರಕ್ಷಣೆ ಹೆಚ್ಚುತ್ತದೆಂಬುದೂ ಪೂರ್ಣ ಸತ್ಯವಲ್ಲ. ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನ ಮೂಲಕ ಹೋಗುವ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಪ್ಲಗ್ ಕೂರುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ.

ಬೆರಕೆಯ ವಿಧಾನವೂ ಮುಖ್ಯ. ಟ್ಯಾಂಕ್ ತುಂಬಿದ ಮೇಲೆ ಪೌಚಿನ ಆಯಿಲನ್ನು ಮೇಲಿಂದ ಸುರಿದು ಹೊರಟರೆ ಭಾರವಾದ ಆಯಿಲ್ ತಳಕ್ಕಿಳಿದು ನಲ್ಲಿಯ ಬಳಿ ಸೇರುತ್ತದೆ. ಮೊದಲ ಕೆಲ ಕಿಲೋಮೀಟರ್ ಆಯಿಲ್ ವಿಪರೀತ, ಆಮೇಲೆ ಅಭಾವ. ನಲ್ಲಿ ಮುಚ್ಚಿ, ಮೊದಲು ಆಯಿಲ್ ಹಾಕಿ ಅದರ ಮೇಲೆ ಪೆಟ್ರೋಲ್ ತುಂಬಿಸುವುದು, ಅಥವಾ ಬೇರೆ ಪಾತ್ರೆಯಲ್ಲಿ ಕಲಸಿ ಹಾಕುವುದು ಲೇಸು. ರಾಜ್‌ದೂತ್ 350 ಮತ್ತು ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ಪ್ರತ್ಯೇಕವಾಗಿದ್ದು, ಆಯಿಲನ್ನು ಅದರ ಟ್ಯಾಂಕಿಗೇ ಹಾಕಬೇಕು.

ಘಟ್ಟದ ಇಳಿಜಾರಿನ ವಿಚಾರವನ್ನು ಇಲ್ಲಿ ಹೇಳಬೇಕು. ಆಗುಂಬೆ ಅಥವಾ ಚಾರ್ಮಾಡಿಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಎಂಜಿನ್ ಎಳೆತದ ಮೇಲೆಯೇ ಬಹುದೂರ ಇಳಿದರೆ, ಪೆಟ್ರೋಲ್ ಹೋಗದ ಕಾರಣ ಆಯಿಲೂ ಹೋಗುವುದಿಲ್ಲ. ಎಂಜಿನ್ ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಸ್ವಲ್ಪ ತಿರುವುವುದರಿಂದ ಈ ಅಪಾಯ ತಪ್ಪುತ್ತದೆ.

ಜಾವಾ, ಯೆಜ್ದಿಗಳ ಗೇರ್‌ಬಾಕ್ಸ್ ಆಯಿಲ್ ಬೇರೆ. ಅದರಲ್ಲೇ ಕ್ಲಚ್ ಕೂಡ ಇರುವುದರಿಂದ ಕಾರಿನ ಮೈಲೇಜ್ ಆಯಿಲ್ ಸಲ್ಲದು. ಲಾರಿಗಳ ಡಿಫರೆನ್ಷಿಯಲ್‌ಗೆ ಬಳಸುವ ಜಿಎಲ್-5 ಗೇರ್ ಆಯಿಲ್‌ನ ಗಂಧಕಯುಕ್ತ ವಸ್ತುಗಳು ಕಂಚಿನ ಬುಷ್‌ಗಳಿಗೆ ಹಾನಿ ಮಾಡಬಲ್ಲವು. 2018ರಿಂದ ಜಾವಾ ಹೆಸರಿನಲ್ಲಿ, 2022ರಿಂದ ಯೆಜ್ದಿ ಹೆಸರಿನಲ್ಲಿ ಬಂದಿರುವ ಹೊಸ ವಾಹನಗಳು ನಾಲ್ಕು ಸ್ಟ್ರೋಕಿನವು. 'ಜಾವಾ ಆಯಿಲ್ ಕೊಡಿ' ಎಂದು ಕೇಳುವ ಗಿರಾಕಿಗೆ ವಾಹನದ ವರ್ಷ ಕೇಳದೆ ಡಬ್ಬಿ ಕೊಡುವುದು ವರ್ತಕರಿಗೆ ಕ್ಷೇಮಕರವಲ್ಲ.

ಹರಳೆಣ್ಣೆ ಆಧಾರಿತ ಆಯಿಲ್ ಹಿಂದೆ ಪಂದ್ಯದ ವಾಹನಗಳಲ್ಲಿ ಪ್ರಸಿದ್ಧವಾಗಿತ್ತು. ಬಿಸಿಯಲ್ಲಿ ಅದರ ಪೊರೆ ಗಟ್ಟಿಯಾಗಿ ನಿಲ್ಲುತ್ತದೆ; ಆದರೆ ಅಂಟು ಬಿಡುತ್ತದೆ ಮತ್ತು ಖನಿಜ ತೈಲದೊಡನೆ ಹೊಂದಿಕೊಳ್ಳುವುದಿಲ್ಲ. ದಿನಬಳಕೆಯ ವಾಹನಕ್ಕೆ ಅದು ತಕ್ಕುದಲ್ಲ.

ಬೆಲೆಯೋ, ಅವಧಿಯೋ?

ಸಿಂಥೆಟಿಕ್ ಆಯಿಲ್ ಒಳ್ಳೆಯದೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ಕೇವಲ ಉದಾಹರಣೆಗಾಗಿ ಕಲ್ಪಿಸಿಕೊಂಡ ಬೆಲೆಗಳ ಮೇಲೆ ಈ ಲೆಕ್ಕವನ್ನು ಪರಿಶೀಲಿಸಬಹುದು.

ಹಳೆಯ ಬುಲೆಟ್ ಒಂದು ವರ್ಷಕ್ಕೆ 3,000 ಕಿ.ಮೀ. ಓಡುತ್ತದೆ, ಪ್ರತಿ ಬಾರಿ 2 ಲೀಟರ್ ಆಯಿಲ್ ಬೇಕು ಎಂದಿಟ್ಟುಕೊಂಡರೆ:

ಅ) ಲೀಟರಿಗೆ ರೂ. 400ರ ಖನಿಜ ಆಯಿಲ್, 1,500 ಕಿ.ಮೀ.ಗೊಮ್ಮೆ ಬದಲಾವಣೆ: 2 × 2 × 400 = ರೂ. 1,600.
ಆ) ಲೀಟರಿಗೆ ರೂ. 900ರ ಸಿಂಥೆಟಿಕ್ ಆಯಿಲ್, ವರ್ಷಕ್ಕೊಮ್ಮೆ ಬದಲಾವಣೆ: 2 × 900 = ರೂ. 1,800.

ಸಿಂಥೆಟಿಕ್ ಆಯಿಲ್ ಬಿಸಿಗೆ ಬೇಗ ಕೆಡದು ಎಂಬುದು ದಿಟ. ಆದರೆ ಅದರಲ್ಲಿ ಸೇರುವ ತೇವ, ಮಸಿ ಮತ್ತು ಆಮ್ಲ ಅಲ್ಲಿಯೇ ಉಳಿಯುತ್ತವೆ. ಫೆಲ್ಟ್ ಫಿಲ್ಟರ್ ಅವುಗಳನ್ನು ತೆಗೆಯಲಾರದು. ಮೊದಲನೆಯ ಕ್ರಮದಲ್ಲಿ ರೂ. 200 ಕಡಿಮೆ ವೆಚ್ಚವಾಗುವುದಲ್ಲದೆ ಕೊಳೆಯು ವರ್ಷಕ್ಕೆ ಎರಡು ಬಾರಿ ಹೊರಬೀಳುತ್ತದೆ. ಹಳೆಯ ಎಂಜಿನ್‌ನ ಮಟ್ಟಿಗೆ ದುಬಾರಿ ಆಯಿಲ್‌ಗಿಂತ ಸಕಾಲದ ಬದಲಾವಣೆ ಹೆಚ್ಚು ಫಲಕಾರಿ. ಬೋರಿಂಗ್ ಮಾಡಿಸಿದ ಎಂಜಿನ್‌ಗಂತೂ ಹೊಸ ರಿಂಗುಗಳು ಕೂರುವವರೆಗೆ ಖನಿಜ ಆಯಿಲನ್ನೇ ಬಳಸಿ, 500 ಕಿ.ಮೀ.ಗೆ ಮೊದಲ ಬದಲಾವಣೆ ಮಾಡುವುದು ಸೂಕ್ತ.

ಎರಡು ಸ್ಟ್ರೋಕಿನಲ್ಲಿ ಫಲಿತಾಂಶ ಬೇರೆ. ಲೀಟರಿಗೆ 30 ಕಿ.ಮೀ. ಓಡುವ ವಾಹನಕ್ಕೆ ವರ್ಷಕ್ಕೆ 100 ಲೀಟರ್ ಪೆಟ್ರೋಲ್, 25:1 ಪ್ರಮಾಣದಲ್ಲಿ 4 ಲೀಟರ್ ಆಯಿಲ್ ಬೇಕು. ಸಾಧಾರಣ ಆಯಿಲ್‌ಗೂ ಎಫ್‌ಡಿ ದರ್ಜೆಗೂ ಲೀಟರಿಗೆ ರೂ. 150 ವ್ಯತ್ಯಾಸವಿದ್ದರೂ ವರ್ಷಕ್ಕೆ ರೂ. 600, ಅಂದರೆ ಕಿಲೋಮೀಟರಿಗೆ 20 ಪೈಸೆ. ಇಲ್ಲಿ ಆಯಿಲ್ ಪ್ರತಿ ಕ್ಷಣವೂ ಹೊಸದಾಗಿ ಒಳಬರುವುದರಿಂದ ಉತ್ತಮ ದರ್ಜೆಗೆ ತೆತ್ತ ಹಣ ಸಾರ್ಥಕ.

ಬಿಲ್ಲಿಲ್ಲದ ಆಯಿಲ್‌ನ ನಿಜವಾದ ಬೆಲೆ

ಮೇಲಿನ ಎಲ್ಲ ವಿವೇಚನೆಯೂ ಡಬ್ಬಿಯೊಳಗೆ ಹೆಸರಿನ ಆಯಿಲೇ ಇದ್ದರೆ ಮಾತ್ರ ಫಲಿಸುತ್ತದೆ. ಖಾಲಿ ಡಬ್ಬಿಗಳಿಗೆ ಕಳಪೆ ಆಯಿಲ್ ತುಂಬಿ ಮಾರುವ ಜಾಲಗಳು ಪದೇ ಪದೇ ಪತ್ತೆಯಾಗುತ್ತಿವೆ. ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ತಿಂಗಳು ಮತ್ತು ವರ್ಷ ಇವು ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಇರಲೇಬೇಕು. ಮುಚ್ಚಳದ ಸೀಲನ್ನೂ ಬ್ಯಾಚ್ ಸಂಖ್ಯೆಯನ್ನೂ ಪರಿಶೀಲಿಸಿ, ಖಾಲಿಯಾದ ಡಬ್ಬಿಯನ್ನು ತೂತು ಮಾಡಿ ಎಸೆಯುವುದು ಒಳ್ಳೆಯ ಅಭ್ಯಾಸ.

ಅಗ್ಗವೆಂದು ಬಿಲ್ಲಿಲ್ಲದೆ ಕೊಳ್ಳುವ ಗ್ಯಾರೇಜು ಮಾಲೀಕರು ಒಂದು ಲೆಕ್ಕವನ್ನು ಮರೆಯುತ್ತಾರೆ. ಲೂಬ್ರಿಕೇಟಿಂಗ್ ಆಯಿಲ್ ಮೇಲೆ ಜಿಎಸ್‌ಟಿ ದರ ಶೇ. 18. ರೂ. 400ರ ಆಯಿಲ್‌ಗೆ ತೆರಿಗೆ ಸೇರಿ ಬಿಲ್ಲು ರೂ. 472. ಬಿಲ್ಲಿಲ್ಲದೆ ಅದೇ ಹೆಸರಿನ ಡಬ್ಬಿ ರೂ. 420ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ, ರೂ. 52 ಉಳಿತಾಯವೆನಿಸುತ್ತದೆ. ಆದರೆ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ಗ್ಯಾರೇಜಿನವರು ಬಿಲ್ಲಿನ ಮೇಲೆ ರೂ. 72 ಹೂಡುವಳಿ ತೆರಿಗೆ ಜಮೆ ಪಡೆಯಬಹುದಾದುದರಿಂದ ಅವರ ನಿವ್ವಳ ವೆಚ್ಚ ರೂ. 400 ಮಾತ್ರ. ಬಿಲ್ಲಿಲ್ಲದ ಡಬ್ಬಿ ವಾಸ್ತವದಲ್ಲಿ ರೂ. 20 ದುಬಾರಿ. ಅದು ನಕಲಿಯಾಗಿದ್ದು ಎಂಜಿನ್ ಸೀಜ್ ಆದರೆ, ಯಾರಿಂದ ಕೊಂಡದ್ದೆಂದು ತೋರಿಸಲು ಕಾಗದವೂ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನದ ದೋಷಕ್ಕೆ ಮಾರಾಟಗಾರರನ್ನೂ ಸೇವೆ ಒದಗಿಸುವವರನ್ನೂ ಹೊಣೆ ಮಾಡಲು ಅವಕಾಶ ನೀಡಿದೆ. ಆದಕಾರಣ ಜಾಬ್ ಕಾರ್ಡಿನಲ್ಲಿ ಆಯಿಲ್‌ನ ಹೆಸರು, ದರ್ಜೆ, ಪ್ರಮಾಣ, ಬ್ಯಾಚ್ ಸಂಖ್ಯೆ ಹಾಗೂ ಕಿಲೋಮೀಟರ್ ಓದನ್ನು ಬರೆದಿಡುವುದು ಮೆಕ್ಯಾನಿಕ್‌ನ ಹೆಸರನ್ನು ಕಾಯುವ ದಾಖಲೆಯಾಗುತ್ತದೆ.

ಎಂಜಿನ್‌ನಿಂದ ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವುದು ಅಥವಾ ಸೆಂಟ್ರಿಂಗ್ ಹಲಗೆಗೆ ಬಳಿಯಲು ಮಾರುವುದು ಇಂದಿಗೂ ಕಂಡುಬರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇದನ್ನು ಅಧಿಕೃತ ಮರುಸಂಸ್ಕರಣಾ ಘಟಕಗಳಿಗೆ ತಲುಪಿಸಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರ ಮೇಲೂ ಬಳಸಿದ ಆಯಿಲ್‌ನ ಮರುಸಂಸ್ಕರಣೆಯ ಹೊಣೆ ಬಂದಿದೆ.

ಸಾರಾಂಶ

* ಮೊದಲು ಮಾದರಿ ಮತ್ತು ವರ್ಷ ತಿಳಿದು, ಆ ಮಾದರಿಯ ಕೈಪಿಡಿಯ ದರ್ಜೆಯನ್ನು ಅನುಸರಿಸುವುದು.
* ಹಳೆಯ ನಾಲ್ಕು ಸ್ಟ್ರೋಕ್‌ಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50, ಜಾಸೋ ಎಂಎ ಗುರುತು. ತೆಳು ಕಾರು ಆಯಿಲ್ ಬೇಡ.
* ಎರಡು ಸ್ಟ್ರೋಕ್‌ಗೆ ಎಫ್‌ಸಿ ಅಥವಾ ಎಫ್‌ಡಿ. ಅಳತೆಪಾತ್ರೆಯಲ್ಲಿ ಅಳೆದು ಬೆರೆಸುವುದು.
* ಓಟ ಕಡಿಮೆಯಿದ್ದರೂ ವರ್ಷಕ್ಕೆ ಒಮ್ಮೆಯಾದರೂ ಎಂಜಿನ್ ಆಯಿಲ್ ಬದಲಾವಣೆ.
* ಏರ್ ಫಿಲ್ಟರ್ ಸುಸ್ಥಿತಿಯಲ್ಲಿರುವುದು.
* ಖರೀದಿಗೆ ಬಿಲ್ಲು, ಕೆಲಸಕ್ಕೆ ಜಾಬ್ ಕಾರ್ಡ್.

ಕಾರ್ಖಾನೆ ಮುಚ್ಚಿ ದಶಕಗಳು ಕಳೆದ ಮೇಲೂ ಯಾದವಗಿರಿಯ ಎಂಜಿನ್‌ಗಳು ಓಡುತ್ತಿರುವುದು ಅವುಗಳನ್ನು ನೋಡಿಕೊಂಡ ಮಾಲೀಕರು ಮತ್ತು ಮೆಕ್ಯಾನಿಕ್‌ಗಳ ಶ್ರದ್ಧೆಯ ಫಲ. ಇನ್ನುಳಿದಿರುವ ಎಂಜಿನ್‌ಗಳ ಸಂಖ್ಯೆ ಹೆಚ್ಚುವಂಥದ್ದಲ್ಲ. ವರ್ಷಕ್ಕೆ ಎರಡು ಸಾವಿರ ರೂಪಾಯಿಯೊಳಗಿನ ಖರ್ಚನ್ನು ವಿವೇಚನೆಯಿಂದ ಮಾಡಿದಲ್ಲಿ ಆಸ್ತಿಯೂ ಉಳಿಯುತ್ತದೆ, ಅದನ್ನು ನಂಬಿದ ಉದ್ದಿಮೆಯೂ ಉಳಿಯುತ್ತದೆ.